ಅಯ್ಯೋ ಎನ್ನದ ಮಂಡಿಗಳು

ಡಾಕ್ಟರುಗಳ ಮೇಲೆ ಕೀಲುಮೇಷ್ಟ್ರಿಗೆ ಇದ್ದ ತಾತ್ಸಾರ ಇವತ್ತು ನಿನ್ನೆಯದಲ್ಲ. ಬಿಳಿ ಕೋಟು ತೊಟ್ಟವರು ಯಾರೇ ಎದುರಾಗಲಿ, ಈ ಆಸಾಮಿ ಮೊದಲ ವರ್ಷದಲ್ಲಿ ಎಷ್ಟು ಸಲ ಡುಮ್ಕಿ ಹೊಡೆದಿದ್ದ ಎಂಬುದೇ ಅವರಿಗೆ ಮೊದಲು ನೆನಪಾಗುತ್ತಿತ್ತು. ಆ ವಿಷಯದಲ್ಲಿ ಅವರ ನೆನಪಿನ ಶಕ್ತಿ ಭಯಂಕರ. ಹೆಂಡತಿ ಹುಟ್ಟಿದ ತಿಂಗಳು ಯಾವುದೆಂದು ಕೇಳಿದರೆ ತಡವರಿಸುವ ಮನುಷ್ಯ, ಹದಿನಾರು ವರ್ಷದ ಹಿಂದೆ ಯಾವ ಹುಡುಗ ಯಾವ ಸ್ನಾಯುವಿನ ಹೆಸರು ಹೇಳಲಾಗದೆ ಬೆವರಿದ್ದ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವರಾಗಿದ್ದರು.

ಮೇಷ್ಟ್ರು ಎನ್ನುವುದು ಹುಡುಗರು ತಮಾಷೆಗೆ ಕೊಟ್ಟ ಹೆಸರು. ಹಾಜರಿ ಪುಸ್ತಕದಲ್ಲಿ ಅವರು ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದ ಅಟೆಂಡರ್. ದಾನವಾಗಿ ಬಂದ ದೇಹಗಳನ್ನು ಫಾರ್ಮಲಿನ್ ತೊಟ್ಟಿಯಲ್ಲಿ ಕೆಡದಂತೆ ಇಡುವುದು, ಹುಡುಗರು ಕೊಯ್ದು ಕಲಿತ ಮೇಲೆ ಕೀಲುಗಳನ್ನು ಬೇರ್ಪಡಿಸುವುದು, ಕೊಬ್ಬು ಮಾಂಸ ಬಿಡಿಸಿ ಒಳಗಿನದೆಲ್ಲ ಕಾಣುವಂತೆ ಮಾಡಿ ಟ್ರೇಯಲ್ಲಿ ಜೋಡಿಸುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈಯಿಂದ ಹಾದುಹೋದ ಮಂಡಿಗಳು ಕಮ್ಮಿಯೆಂದರೂ ಆರುನೂರು. ಪ್ರೊಫೆಸರು ಬೋರ್ಡಿನ ಮೇಲೆ ಚಿತ್ರ ಬರೆದು ಹೋದ ಮೇಲೆ ಹುಡುಗರು ಬಂದು ಸುತ್ತುವರಿಯುತ್ತಿದ್ದುದು ಇವರನ್ನೇ.

"ತೊಡೆ ಮೂಳೆ ಕೆಳಗಾಲಿನ ಮೂಳೆ ಮೇಲೆ ಸುಮ್ನೆ ಕೂತಿದೆ ಅನ್ಕೋಬೇಡಿ. ಹಗ್ಗ ಕಟ್ಟಿ ನಿಲ್ಸಿರೋದು ಇದನ್ನ," ಎಂದು ಅವರು ಶುರು ಮಾಡುತ್ತಿದ್ದರು. "ಪಕ್ಕಕ್ಕೆ ಎರಡು ಹಗ್ಗ, ಒಳಗಡೆ ಅಡ್ಡಡ್ಡವಾಗಿ ಎರಡು. ಅದನ್ನೇ ನೀವು ಲಿಗಮೆಂಟು ಅಂತೀರ. ಮಧ್ಯೆ ಅರ್ಧಚಂದ್ರದ ಹಾಗೆ ಎರಡು ಗಾದಿ. ಅದು ಮೆನಿಸ್ಕಸ್. ಮುಂದಿನ ಹಗ್ಗ ಹರಿದ್ರೆ ಕೆಳಗಾಲು ಮೇಜಿನ ಡ್ರಾಯರ್ ಥರ ಮುಂದಕ್ಕೆ ಬರುತ್ತೆ. ನೋಡಿ, ಎಳೀತೀನಿ. ಬಂತಾ? ಬರಲಿಲ್ಲ. ಅಂದ್ರೆ ಹಗ್ಗ ಗಟ್ಟಿಯಾಗಿದೆ."

ಹುಡುಗರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಅಂಥ ಹುಡುಗರಲ್ಲೇ ಒಬ್ಬನಿದ್ದ, ದುಂಡು ಮುಖದವನು, ಯಾವಾಗಲೂ ಕೈ ಬೆವರುತ್ತಿದ್ದವನು. ಪರೀಕ್ಷೆಯ ದಿನ ಪರೀಕ್ಷಕರು ಅವನ ಕೈಗೊಂದು ಮಂಡಿ ಕೊಟ್ಟು ಇದು ಎಡಗಾಲಿನದೋ ಬಲಗಾಲಿನದೋ ಎಂದು ಕೇಳಿದರು. ಹೊರಬದಿಯ ಸಣ್ಣ ಮೂಳೆ ಯಾವ ಕಡೆಗಿದೆ ಎಂದು ನೋಡಿದರೆ ಮುಗಿಯಿತು, ಹೇಳುವುದಕ್ಕೆ ವಿದ್ವತ್ತೇನೂ ಬೇಡ. ಆ ಪುಣ್ಯಾತ್ಮ ಮಂಡಿಯನ್ನು ತಲೆಕೆಳಗೆ ಹಿಡಿದುಕೊಂಡು ಪಿಳಿಪಿಳಿ ಕಣ್ಣು ಬಿಡುತ್ತ ನಿಂತ. ಪರೀಕ್ಷಕರ ಬೆನ್ನ ಹಿಂದೆ ಬಕೆಟ್ ಹಿಡಿದು ನಿಂತಿದ್ದ ಕೀಲುಮೇಷ್ಟ್ರು ಪಾಪವೆನಿಸಿ ತಮ್ಮ ಎಡಗಾಲನ್ನು ಎರಡು ಸಲ ತಟ್ಟಿಕೊಂಡರು. ಹುಡುಗ ಪಾಸಾದ.

ಈಗ ಅವನು ಊರಿಗೆಲ್ಲ ದೊಡ್ಡ ಮಂಡಿ ತಜ್ಞ. ಮುಖ್ಯ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಸ್ಪತ್ರೆ. ಮಂಡಿನೋವಿನವರನ್ನು ನೋಡುವ ಆಸ್ಪತ್ರೆಗೆ ಹೋಗಲು ಹದಿನೆಂಟು ಮೆಟ್ಟಿಲು. ಲಿಫ್ಟ್ ಒಂದಿದೆ, ಅದಕ್ಕೆ 'ದುರಸ್ತಿಯಲ್ಲಿದೆ' ಎಂಬ ಬೋರ್ಡಿದೆ, ಆ ಬೋರ್ಡಿಗೇ ಈಗ ದುರಸ್ತಿ ಬೇಕಾಗಿದೆ. ಕೀಲುಮೇಷ್ಟ್ರು ಆ ದಾರಿಯಲ್ಲಿ ಹೋಗುವಾಗಲೆಲ್ಲ ಮೇಲೆ ನೋಡಿ, "ಎಡ ಬಲ ಗೊತ್ತಿಲ್ಲದ ಬೆಪ್ಪುತಕ್ಕಡಿ," ಎಂದು ಗೊಣಗಿ ಮುಂದೆ ಹೋಗುತ್ತಿದ್ದರು. ಅವರಿಗೆ ಅದರಿಂದ ಸಿಗುತ್ತಿದ್ದ ಸುಖ ಸಣ್ಣದಾಗಿರಲಿಲ್ಲ.

ಜೀವಂತ ಮನುಷ್ಯರ ವಿಷಯದಲ್ಲಿ ಅವರ ತಾಳ್ಮೆ ಒಟ್ಟಾರೆ ಕಡಿಮೆಯೇ. ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮೇಜಿನ ಮುಂದೆ ಹತ್ತೊಂಬತ್ತು ವರ್ಷ ನಿಂತು ಮಂಡಿ ಸವೆಸಿಕೊಂಡಿದ್ದಳು. ಕಾಲುಗಳು ಹೊರಕ್ಕೆ ಬಾಗಿದ್ದವು. ಮೆಟ್ಟಿಲು ಇಳಿಯುವಾಗ ಅಡ್ಡಕ್ಕೆ ತಿರುಗಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಇಳಿಯುತ್ತಿದ್ದಳು. ಅವಳು ನೋವೆಂದಾಗಲೆಲ್ಲ ಕೀಲುಮೇಷ್ಟ್ರು ಪಾಠ ಹೇಳುತ್ತಿದ್ದರು.

"ಮೂಳೆ ತುದಿಗೆ ನುಣ್ಣಗೆ ಮೃದ್ವಸ್ಥಿ ಅಂತ ಒಂದು ಪದರ ಇರುತ್ತೆ ಕಣೇ. ನಿಂದು ಒಳಭಾಗದಲ್ಲಿ ಸವೆದುಹೋಗಿದೆ. ಮೂಳೆಗೆ ಮೂಳೆ ಉಜ್ಜಿ ಉಜ್ಜಿ ಹೊಳಪು ಬಂದಿರುತ್ತೆ. ನಾನು ತೆಗೆದು ನೋಡಿದೀನಲ್ಲ, ಕನ್ನಡಿ ಥರ ಹೊಳೀತಿರುತ್ತೆ."

"ನಂದನ್ನೂ ತೆಗೆದು ನೋಡಿಬಿಡಿ ಒಂದ್ಸಲ," ಎನ್ನುತ್ತಿದ್ದಳು ಹೆಂಡತಿ. "ಆಗ್ಲಾದ್ರೂ ನಿಮ್ಮ ಕಣ್ಣಿಗೆ ಬೀಳ್ತೀನಿ."

ಅದಕ್ಕೆ ಅವರು ಸೊಪ್ಪು ಹಾಕುತ್ತಿರಲಿಲ್ಲ.

ಮನೆಯಲ್ಲಿ ಅವರು ಮೆಚ್ಚುತ್ತಿದ್ದುದು ಇಪ್ಪತ್ತು ವರ್ಷದ ಮಗಳು ಪುಟ್ಟಿಯ ಮಂಡಿಗಳನ್ನು ಮಾತ್ರ. ಪುಟ್ಟಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಅವಳು ನೆಗೆದರೆ ಕೀಲುಮೇಷ್ಟ್ರಿಗೆ ಚೆಂಡು ಕಾಣುತ್ತಿರಲಿಲ್ಲ. ಮಂಡಿ ಮಡಚುವುದು, ನೆಟ್ಟಗಾಗುವುದು, ನೆಲ ಮುಟ್ಟುವಾಗ ಹಗ್ಗಗಳೆಲ್ಲ ಒಟ್ಟಿಗೆ ಬಿಗಿಯುವುದು ಕಾಣುತ್ತಿತ್ತು. ಹಿಂದಿನ ವರ್ಷ ವಿದ್ಯುತ್ ಮಂಡಳಿಯ ತಂಡಕ್ಕೆ ನಡೆದ ಆಯ್ಕೆಯಲ್ಲಿ ಒಂದೇ ಒಂದು ಸ್ಥಾನದಿಂದ ಅವಕಾಶ ಅವಳ ಕೈತಪ್ಪಿತ್ತು. ಆಯ್ಕೆಯಾದರೆ ಆಟದ ಜೊತೆಗೆ ಕಾಯಂ ನೌಕರಿ. ಈ ವರ್ಷ ಬಿಡುವುದಿಲ್ಲವೆಂದು ಅವಳು ಹಟ ತೊಟ್ಟಿದ್ದಳು.

ಆಯ್ಕೆಗೆ ಇನ್ನು ನಾಲ್ಕು ವಾರವಿದೆ ಎನ್ನುವಾಗ, ಒಂದು ಮಂಗಳವಾರ ಸಂಜೆ, ಗೆಳತಿಯ ಸ್ಕೂಟರಿನ ಹಿಂದೆ ಕೂತು ಪುಟ್ಟಿ ಮನೆಗೆ ಬಂದಳು. ಬಲಮಂಡಿ ಊದಿ, ಪ್ಯಾಂಟಿನ ಕಾಲು ಮಡಚಲಾಗದಷ್ಟು ಬಿಗಿಯಾಗಿತ್ತು. ಯಾರೂ ತಳ್ಳಿರಲಿಲ್ಲ. ನೆಗೆದು, ಒಂಟಿಕಾಲಲ್ಲಿ ನೆಲ ಮುಟ್ಟಿ, ಚೆಂಡಿನ ಕಡೆ ತಿರುಗಿದ್ದಳು. ಪಾದ ನಿಂತಲ್ಲೇ ನಿಂತು ಮೈ ಮಾತ್ರ ತಿರುಗಿತ್ತು.

"ಒಳಗೆ ಟಪ್ ಅಂತ ಸದ್ದು ಬಂತು ಅಪ್ಪ. ನಂಗೇ ಕೇಳಿಸ್ತು."

ಸದ್ದು, ಕೂಡಲೇ ಬಂದ ಊತ, ತಿರುವು. ಮೂರನ್ನೂ ಕೇಳಿದ ಮೇಲೆ ಯಾವ ಕಾಂಪೌಂಡರನಾದರೂ ಆಸ್ಪತ್ರೆಗೆ ಓಡಿ ಎನ್ನುತ್ತಿದ್ದ. ಆದರೆ ಇವರು ಕೀಲುಮೇಷ್ಟ್ರು. ಮಗಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚಿ ಪಾದ ಊರಿಸಿ, ಆ ಪಾದದ ಮೇಲೆ ತಾವು ಕೂತರು. ಎರಡೂ ಕೈಯಿಂದ ಕೆಳಗಾಲು ಹಿಡಿದು ತಮ್ಮ ಕಡೆಗೆ ಎಳೆದರು. ಪುಟ್ಟಿ ಹಲ್ಲು ಕಚ್ಚಿ ಹಾಸಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ನೋಯ್ತಿದೆ ಅಪ್ಪ. ಕಾಲು ತಾನಾಗೇ ಬಿಗಿಯಾಗ್ತಿದೆ."

"ಆಗ್ಲಿ ಬಿಡು. ಅಲ್ಲಾಡ್ಬೇಡ."

ಇನ್ನೊಮ್ಮೆ ಎಳೆದರು. ಕೆಳಗಾಲು ಒಂದು ಕೂದಲೆಳೆಯಷ್ಟೂ ಮುಂದೆ ಬರಲಿಲ್ಲ. ಕೀಲುಮೇಷ್ಟ್ರ ಮುಖ ಅರಳಿತು.

"ಕಲ್ಲಿದ್ದ ಹಾಗಿದೆ! ಹಗ್ಗಕ್ಕೆ ಏನೂ ಆಗಿಲ್ಲ. ಉಳುಕು ಅಷ್ಟೆ. ಐಸ್ ಇಟ್ಟು ಮೂರು ವಾರ ರೆಸ್ಟ್ ಮಾಡು, ಸರಿಹೋಗುತ್ತೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದಳು. "ರೀ, ಒಂದ್ಸಲ ಡಾಕ್ಟ್ರಿಗೆ ತೋರ್ಸೋಣ. ಇಲ್ಲೇ ಇದಾನಲ್ಲ, ನಿಮ್ಮ ಕಾಲೇಜಲ್ಲಿ ಓದಿದೋನು."

"ಯಾರು, ಆ ಎಡ ಬಲನಾ? ನನ್ನ ಮಗಳ ಬಲಗಾಲು ತೋರ್ಸಿದ್ರೆ ಎಡಗಾಲು ಕೊಯ್ದು ಕಳಿಸ್ತಾನೆ."

"ಆಗ ಹುಡುಗ. ಈಗ ಕಲ್ತಿರ್ತಾನೆ ಬಿಡಿ."

"ಏನ್ ಕಲ್ತಿರ್ತಾನೆ ಮಣ್ಣಂಗಟ್ಟಿ! ಅವನಿಗೆ ಮಂಡಿ ಹೇಳ್ಕೊಟ್ಟಿದ್ದೇ ನಾನು."

ಹಾಗೆಂದರೂ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿದ್ದಿರಬೇಕು. ಮರುದಿನ ಹುಡುಗರು ಬರುವ ಮೊದಲೇ ಅವರು ಕಾಲೇಜಿನ ಶವಚ್ಛೇದನ ಹಾಲ್‌ಗೆ ಹೋದರು. ತೊಟ್ಟಿಯಿಂದ ಒಂದು ಬಲಮಂಡಿ ತೆಗೆದು ಸ್ಟೀಲ್ ಮೇಜಿನ ಮೇಲಿಟ್ಟು, ಹಿಂದಿನ ದಿನ ಮಗಳ ಕಾಲನ್ನು ಎಳೆದ ಹಾಗೆಯೇ ಎಳೆದರು. ಅಲ್ಲಾಡಲಿಲ್ಲ. ಆಮೇಲೆ ಸಣ್ಣ ಚಾಕು ತೂರಿಸಿ ಒಳಗಿನ ಮುಂದಿನ ಹಗ್ಗವನ್ನು ಕತ್ತರಿಸಿ ಮತ್ತೆ ಎಳೆದರು. ಕೆಳಗಾಲು ಸರಕ್ಕನೆ ಮುಂದೆ ಜಾರಿತು. ಎರಡು ಸಲ, ಮೂರು ಸಲ ಜಾರಿಸಿ ನೋಡಿದರು. ಇದು ಹರಿದದ್ದು, ಅದು ಗಟ್ಟಿಯಿದ್ದದ್ದು. ಇನ್ನೇನು ಪುರಾವೆ ಬೇಕು? ಅವರು ಕೈ ತೊಳೆದುಕೊಂಡು ನಿರಾಳವಾಗಿ ಚಹಾ ಕುಡಿಯಲು ಹೋದರು.

ಮೇಜಿನ ಮೇಲಿದ್ದ ಆ ಮಂಡಿಗೆ ಮೇಲೆ ತೊಡೆಯಿರಲಿಲ್ಲ. ತೊಡೆಯ ಮಾಂಸವನ್ನೆಲ್ಲ ಅವರೇ ಬಿಡಿಸಿ ಬಿಸಾಕಿದ್ದರು. ಆರುನೂರು ಮಂಡಿ ಕಂಡ ಮನುಷ್ಯನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ತಲೆಯಲ್ಲಿ ಜಾಗವಿದ್ದರೆ ತಾನೆ! ಅಲ್ಲಿ ಪೂರಾ ಆ ದುಂಡು ಮುಖದ ಹುಡುಗನೇ ಕೂತಿದ್ದ.

ಊತ ಇಳಿಯಿತು. ಎರಡನೇ ವಾರ ಪುಟ್ಟಿ ನಡೆದಳು, ಮೂರನೇ ವಾರ ನೇರ ದಾರಿಯಲ್ಲಿ ನಿಧಾನಕ್ಕೆ ಓಡಿದಳು. ಕೀಲುಮೇಷ್ಟ್ರು ಬೀಗಿದರು. ಆದರೆ ಮೆಟ್ಟಿಲಿಳಿಯುವಾಗ ಒಮ್ಮೆ, ಬಸ್ಸಿಂದ ಇಳಿದು ತಿರುಗುವಾಗ ಒಮ್ಮೆ, ಮಂಡಿ ಇದ್ದಕ್ಕಿದ್ದಂತೆ ಕೈಕೊಟ್ಟಿತ್ತು.

"ಅಪ್ಪ, ಕಾಲು ನಂದಲ್ಲ ಅನ್ಸುತ್ತೆ ಒಂದೊಂದ್ಸಲ. ಒಳಗೆ ಏನೋ ಜಾರಿದ ಹಾಗೆ."

"ಅದು ಹೆದರಿಕೆ. ಮಂಡಿಯಲ್ಲಿಲ್ಲ, ತಲೆಯಲ್ಲಿದೆ."

ಪುಟ್ಟಿ ಅಪ್ಪನ ಮುಖ ನೋಡಿದಳು. ನಂಬಬೇಕೆಂಬ ಆಸೆ ಅವಳಿಗೂ ಇತ್ತು, ಆಯ್ಕೆಗೆ ಆರೇ ದಿನ ಉಳಿದಿತ್ತು. ಕೋಚ್ ಫೋನ್ ಮಾಡಿ ಡಾಕ್ಟರಿಗೆ ತೋರಿಸಿದೆಯಾ ಎಂದು ಕೇಳಿದಾಗ ಅವಳು, "ಅಪ್ಪ ನೋಡಿದಾರೆ ಮೇಡಂ, ಮೆಡಿಕಲ್ ಕಾಲೇಜಲ್ಲಿದಾರೆ," ಎಂದಳು. ಕೋಚ್ ಅದನ್ನು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡು, ಸರಿ ಡಾಕ್ಟರೇ ನೋಡಿದ ಮೇಲೆ ಇನ್ನೇನು ಎಂದರು. ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲೇ ಕೂತಿದ್ದ ಕೀಲುಮೇಷ್ಟ್ರು ತಿದ್ದಲಿಲ್ಲ. ತಿದ್ದುವುದಿರಲಿ, ಕೂತಲ್ಲೇ ಒಂದಿಷ್ಟು ನೆಟ್ಟಗಾದರು.

ಆಯ್ಕೆಯ ಪಂದ್ಯ ಶುರುವಾಗಿ ಒಂಬತ್ತು ನಿಮಿಷವಾಗಿತ್ತು. ಪುಟ್ಟಿ ಎರಡು ಬುಟ್ಟಿ ಹಾಕಿದ್ದಳು. ಮೂರನೆಯದಕ್ಕೆ ಓಡಿಬಂದು, ಎದುರಿನವಳನ್ನು ತಪ್ಪಿಸಲು ಎಡಕ್ಕೆ ತಿರುಗಿದಳು ಅಷ್ಟೆ. ಬಲಮಂಡಿ ಒಳಕ್ಕೆ ಕುಸಿಯಿತು. ಬಿದ್ದವಳು ಈ ಸಲ ಕಿರುಚಿದಳು. ಕಾಲು ಅರ್ಧ ಮಡಚಿದಲ್ಲೇ ಸಿಕ್ಕಿಹಾಕಿಕೊಂಡಿತ್ತು. ನೆಟ್ಟಗೆ ಮಾಡಲು ಹೋದರೆ ಒಳಗೆ ಏನೋ ಅಡ್ಡ ಬರುತ್ತಿತ್ತು. ಕೀಲುಮೇಷ್ಟ್ರು ಅಂಕಣದೊಳಗೆ ಓಡಿ ಮಂಡಿಗೆ ಕೈ ಹಾಕಲು ಹೋದರು. ಹೆಂಡತಿ ಅವರ ತೋಳು ಹಿಡಿದು ಹಿಂದಕ್ಕೆಳೆದಳು.

"ಸಾಕು. ನೀವು ನೋಡಿದ್ದು ಸಾಕು."

ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಆ ದನಿಯನ್ನು ಅವರು ಕೇಳಿರಲಿಲ್ಲ.

ಟ್ಯಾಕ್ಸಿ ಔಷಧಿ ಅಂಗಡಿಯ ಮುಂದೆ ನಿಂತಿತು. ಪುಟ್ಟಿಯನ್ನು ಆಸ್ಪತ್ರೆಯ ಇಬ್ಬರು ನೌಕರರು ಕುರ್ಚಿಯಲ್ಲಿ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿಸಿದರು. ಹೆಂಡತಿ ಕಂಬಿ ಹಿಡಿದು, ಬಾಯಿಬಿಡದೆ, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಹತ್ತಿದಳು. ಕೀಲುಮೇಷ್ಟ್ರು ಕೊನೆಯಲ್ಲಿ, ತಪ್ಪು ಮಾಡಿದ ಹುಡುಗನ ಹಾಗೆ, ತಲೆ ತಗ್ಗಿಸಿ ಹಿಂಬಾಲಿಸಿದರು. ಹಾಗೆ ಹತ್ತುವಾಗಲೂ ಅವರೊಳಗೊಂದು ಆಸೆ ಮಿಡುಕುತ್ತಿತ್ತು. ಈ ಎಡ ಬಲ ಏನಾದರೊಂದು ತಪ್ಪು ಹೇಳಲಿ, ತಾನು ತಿದ್ದುವಂತಾಗಲಿ. ಮಗಳು ನರಳುತ್ತಿದ್ದಾಗ ತಂದೆಯಾದವನ ಮನಸ್ಸಿನಲ್ಲಿ ಬರಬಹುದಾದ ಆಸೆಯೇ ಇದು? ಆದರೆ ಬಂದಿತ್ತು.

ಡಾಕ್ಟರು ದುಂಡಗೆ ಹೊಟ್ಟೆ ಬಿಟ್ಟಿದ್ದರು. ಕೀಲುಮೇಷ್ಟ್ರನ್ನು ಕಂಡದ್ದೇ ಕುರ್ಚಿಯಿಂದೆದ್ದು ಬಂದರು.

"ಅಯ್ಯೋ, ಮೇಷ್ಟ್ರೇ! ನಿಮ್ಮ ಮಗಳಾ? ಬನ್ನಿ ಬನ್ನಿ." ನರ್ಸ್ ಕಡೆ ತಿರುಗಿ, "ನೋಡಮ್ಮ, ಪರೀಕ್ಷೆ ದಿವಸ ಇವರು ಕಾಲು ತಟ್ಟಿ ತೋರ್ಸದೇ ಇದ್ದಿದ್ರೆ ನಾನಿವತ್ತು ಕೆಳಗಡೆ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸ್ತಾ ಇರ್ತಿದ್ದೆ," ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಅದರಲ್ಲಿ ಅವರಿಗೆ ಎಳ್ಳಷ್ಟೂ ನಾಚಿಕೆಯಿದ್ದಂತೆ ಕಾಣಲಿಲ್ಲ. ಹದಿನಾರು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಗುಟ್ಟು ಹೀಗೆ ನಗೆಯಲ್ಲಿ ಖರ್ಚಾಗಿ ಹೋದದ್ದಕ್ಕೆ ಕೀಲುಮೇಷ್ಟ್ರಿಗೆ ಮೈ ಉರಿಯಿತು.

ಡಾಕ್ಟರು ಕಾಲನ್ನು ತಕ್ಷಣ ಮುಟ್ಟಲಿಲ್ಲ. ಮಂಡಿಯ ಕೆಳಗೊಂದು ದಿಂಬಿಟ್ಟರು. ತೊಡೆಯ ಮೇಲೆ ಒಂದು ಕೈ ಸುಮ್ಮನೆ ಇರಿಸಿ, ಇವತ್ತು ಎಷ್ಟು ಬುಟ್ಟಿ ಹಾಕಿದೆ, ನಿಮ್ಮ ಕೋಚ್ ಬಯ್ಯುವುದು ಜಾಸ್ತಿಯೋ ಕಮ್ಮಿಯೋ ಎಂದು ಮಾತಿಗೆಳೆದರು. ಎರಡು ನಿಮಿಷವಾಯಿತು, ಮೂರಾಯಿತು. ಹರಟೆ ಹೊಡೆಯಲು ಹೊತ್ತು ಸಿಕ್ಕಿತೇನು ಇವನಿಗೆ ಎಂದು ಕೀಲುಮೇಷ್ಟ್ರು ಮೂಗು ಮುರಿದರು. ಅಷ್ಟರಲ್ಲಿ ಕೈಯ ಕೆಳಗೆ ತೊಡೆ ಸಡಿಲವಾದದ್ದು ಡಾಕ್ಟರಿಗೆ ಗೊತ್ತಾಯಿತು. ಮಾತು ನಿಲ್ಲಿಸದೆಯೇ, ಒಂದು ಕೈಯಲ್ಲಿ ತೊಡೆ, ಇನ್ನೊಂದು ಕೈಯಲ್ಲಿ ಕೆಳಗಾಲು ಹಿಡಿದು ಮೆತ್ತಗೆ ಮುಂದಕ್ಕೆ ತಂದರು.

ಕೆಳಗಾಲು ಜಾರಿತು. ಸ್ಟೀಲ್ ಮೇಜಿನ ಮೇಲೆ ಹಗ್ಗ ಕತ್ತರಿಸಿದ ಮಂಡಿ ಜಾರಿದ ಹಾಗೆಯೇ.

"ಮುಂದಿನ ಲಿಗಮೆಂಟು ಪೂರ್ತಿ ಹರಿದಿದೆ," ಎಂದರು ಡಾಕ್ಟರು. ನಗು ಹೋಗಿತ್ತು. "ಇದು ಇವತ್ತಿಂದಲ್ಲ. ಇವತ್ತು ಆಗಿರೋದು ಒಳಗಿನ ಗಾದಿ ಹರಿದು ಮಡಚಿ ಸಿಕ್ಕಾಕ್ಕೊಂಡಿರೋದು. ಅದಕ್ಕೇ ಕಾಲು ನೆಟ್ಟಗಾಗ್ತಿಲ್ಲ. ಮುಂಚೆ ಬಿದ್ದಾಗ ಯಾರಿಗೆ ತೋರ್ಸಿದ್ರಿ?"

ಡಾಕ್ಟರು ಒಬ್ಬೊಬ್ಬರ ಕಡೆಗೂ ತಿರುಗಿದರು.

"ಎಲ್ಲಾದ್ರೂ ನಾಟಿ ಪಂಡಿತನ ಹತ್ರ ಹೋಗಿದ್ರಾ? ಯಾವ ಮುಠ್ಠಾಳ ರೀ ಈ ಕಾಲು ನೋಡಿ ಆಡು ಹೋಗು ಅಂದದ್ದು?"

ಪುಟ್ಟಿ ಚಾವಣಿ ನೋಡುತ್ತಿದ್ದಳು. ಹೆಂಡತಿ ತನ್ನ ಕೈಚೀಲದ ಹಿಡಿ ನೋಡುತ್ತಿದ್ದಳು. ಇಬ್ಬರೂ ಅವರನ್ನು ಬಿಟ್ಟುಕೊಡಲಿಲ್ಲ. ಅದನ್ನು ಸಹಿಸುವುದು ಅವರಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ನಾನೇ," ಎಂದರು ಕೀಲುಮೇಷ್ಟ್ರು. "ನಾನೇ ಎಳೆದು ನೋಡಿದ್ದು. ಬರ್ಲಿಲ್ಲ. ಗಟ್ಟಿಯಾಗಿತ್ತು."

ಡಾಕ್ಟರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟ ಕೀಲುಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಮಂಡಿಯನ್ನು ತಲೆಕೆಳಗೆ ಹಿಡಿದ ಹುಡುಗರನ್ನು ತಾವು ನೋಡುತ್ತಿದ್ದ ನೋಟವೇ ಅದು.

"ಮೇಷ್ಟ್ರೇ, ನೋವಾದಾಗ ತೊಡೆ ಬಿಗಿ ಹಿಡಿಯುತ್ತೆ. ಹಿಂದಿನ ಸ್ನಾಯು ಕಾಲನ್ನ ಎಳೆದು ಹಿಡ್ಕೊಂಡಿರುತ್ತೆ. ಅವಳು ಬಿಗಿ ಹಿಡಿದಿದ್ದನ್ನ ನೀವು ಹಗ್ಗ ಅನ್ಕೊಂಡ್ರಿ." ಆಮೇಲೆ ಕೇಳಿದರು, "ನಿಮ್ಮ ಟ್ರೇಯಲ್ಲಿರೋ ಮಂಡಿ ಯಾವತ್ತಾದ್ರೂ ಅಯ್ಯೋ ಅಂದಿದೆಯಾ?"

ಕಾಲು ತಾನಾಗೇ ಬಿಗಿಯಾಗ್ತಿದೆ ಅಪ್ಪ ಎಂದು ಮಗಳು ಅವತ್ತೇ ಹೇಳಿದ್ದಳು. ಇವರು ಆಗ್ಲಿ ಬಿಡು ಎಂದಿದ್ದರು.

ಮಿಕ್ಕದ್ದನ್ನು ಡಾಕ್ಟರು ಪುಟ್ಟಿಗೇ ಹೇಳಿದರು. ಗುರುವಾರ ಆಪರೇಷನ್. ಗಾದಿಯ ಒಂದಷ್ಟು ಭಾಗ ಕತ್ತರಿಸಿ ತೆಗೆಯಬೇಕಾಗಬಹುದು, ಹಗ್ಗ ಹೊಸದಾಗಿ ಕಟ್ಟಬೇಕು, ಅಂಕಣಕ್ಕೆ ಮರಳಲು ಒಂದು ವರ್ಷ. ಮೊದಲ ವಾರವೇ ಬಂದಿದ್ದರೆ ಹಗ್ಗ ಮಾತ್ರ ಕಟ್ಟಿದರೆ ಸಾಕಿತ್ತು, ಗಾದಿ ಉಳಿಯುತ್ತಿತ್ತು.

"ಗಾದಿ ಹೋದ್ರೆ ಏನಾಗುತ್ತೆ ಡಾಕ್ಟ್ರೇ?" ಎಂದಳು ಪುಟ್ಟಿ.

"ಮೂಳೆ ಬೇಗ ಸವೆಯುತ್ತೆ ಮಗು. ಎಲ್ಲರಿಗೂ ಐವತ್ತು ಅರವತ್ತಕ್ಕೆ ಬರೋದು ಕೆಲವರಿಗೆ ಮೂವತ್ತೈದು ನಲವತ್ತಕ್ಕೇ ಬಂದುಬಿಡುತ್ತೆ. ಹುಷಾರಾಗಿರ್ಬೇಕು ಅಷ್ಟೆ."

ಪುಟ್ಟಿ ತಿರುಗಿ ಅಮ್ಮನ ಕಾಲು ನೋಡಿದಳು.

ಸಿಕ್ಕಿಹಾಕಿಕೊಂಡ ಮಂಡಿಗೆ ಪಟ್ಟಿ ಕಟ್ಟಿ, ಊರುಗೋಲು ಕೊಟ್ಟು, ಮನೆಗೆ ಹೋಗಿ ಗುರುವಾರ ಬನ್ನಿ ಎಂದರು. ಹೊತ್ತು ತಂದಿದ್ದ ನೌಕರರಿಬ್ಬರೂ ಊಟಕ್ಕೆ ಹೋಗಿದ್ದರು. ಪುಟ್ಟಿ ಕಾಯುವುದಿಲ್ಲ ಎಂದಳು.

ಮೆಟ್ಟಿಲ ತಲೆಯಲ್ಲಿ ಮೂವರೂ ನಿಂತರು. ಅಮ್ಮ ಮೊದಲು ಅಡ್ಡಕ್ಕೆ ತಿರುಗಿ, ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದಳು. ಒಂದು ಪಾದ ಊರಿ, ಇನ್ನೊಂದನ್ನು ಅದರ ಪಕ್ಕಕ್ಕೆ ತಂದಳು. ಪುಟ್ಟಿ ಅಮ್ಮನ ಪಾದಗಳನ್ನೇ ಗಮನವಿಟ್ಟು ನೋಡಿದಳು. ಊರುಗೋಲನ್ನು ಕಂಕುಳಿಗೆ ಸೇರಿಸಿಕೊಂಡು ತಾನೂ ಅಡ್ಡಕ್ಕೆ ತಿರುಗಿ, ಕಂಬಿ ಹಿಡಿದಳು.

"ಹೀಗಾ ಅಮ್ಮ?"

"ಹೂಂ, ಹಾಗೇ. ಕೆಟ್ಟ ಕಾಲು ಮೊದಲು ಇಳಿಸು. ಆತುರ ಮಾಡ್ಬೇಡ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಕೆಟ್ಟ ಕಾಲು ಮೊದಲು ಇಳಿಸಬೇಕೆಂದು ಹೆಂಡತಿ ತನ್ನಷ್ಟಕ್ಕೆ ತಾನೇ ಕಂಡುಕೊಂಡದ್ದು ಕೀಲುಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರ ಆರುನೂರು ಮಂಡಿಗಳಲ್ಲಿ ಒಂದೂ ಮೆಟ್ಟಿಲು ಇಳಿದಿರಲಿಲ್ಲ. ನಾಲ್ಕನೇ ಮೆಟ್ಟಿಲಲ್ಲಿ ಪುಟ್ಟಿ ತುಸು ವಾಲಿದಳು. ಅವರು ಧಾವಿಸಿ, ಬಗ್ಗಿ, ಪಟ್ಟಿ ಕಟ್ಟಿದ ಮಂಡಿಗೆ ಆಸರೆಯಾಗಿ ಎರಡೂ ಕೈ ಚಾಚಿದರು.

"ಮುಟ್ಟಬೇಡ ಅಪ್ಪ," ಎಂದಳು ಪುಟ್ಟಿ. ಕೋಪವಿರಲಿಲ್ಲ ಆ ದನಿಯಲ್ಲಿ, ಬರೀ ದಣಿವಿತ್ತು. "ಇದಕ್ಕಿನ್ನೂ ಜೀವ ಇದೆ."

ಅವರು ಕೈ ಹಿಂದೆ ತೆಗೆದುಕೊಂಡರು. ಉಳಿದ ಹದಿನಾಲ್ಕು ಮೆಟ್ಟಿಲನ್ನು ತಾಯಿ ಮಗಳು ಒಂದೇ ರೀತಿ ಇಳಿದರು. ಕೀಲುಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ನಿಂತು, ಇಬ್ಬರೂ ಕೆಳಗೆ ಮುಟ್ಟುವವರೆಗೆ ನೋಡಿದರು.